ಭಾನುವಾರದ ಏಟುಗಳು

ಇಸ್ತ್ರಿಪೆಟ್ಟಿಗೆ ಸರಿಯಾಗಿ ಕಾಯುವ ಮೊದಲೇ ಟೀಚರಮ್ಮ ಅದನ್ನು ಅಂಗಿಯ ಕಾಲರಿನ ಮೇಲೆ ಒತ್ತಿಬಿಟ್ಟರು. ಸುಕ್ಕು ಹಾಗೇ ಉಳಿಯಿತು. ಬದುಕಿರುವಷ್ಟು ದಿನ ಗ್ರೀಸ್ ಮೆತ್ತಿದ ಅಂಗಿಯಲ್ಲೇ ತಿರುಗಿದ ಮನುಷ್ಯನಿಗೆ ಇವತ್ತಾದರೂ ನೆಟ್ಟಗಿನ ಕಾಲರ್ ಬೇಡವೇ ಎಂದುಕೊಂಡು ಮತ್ತೆ ಒತ್ತಿದರು. ಆ ಮನುಷ್ಯ, ಗ್ಯಾರೇಜಿಗೆ ಬರುವವರೆಲ್ಲ ಮೇಸ್ತ್ರಿ ಎಂದು ಕರೆಯುತ್ತಿದ್ದ ಅವರ ಗಂಡ, ನಡುಮನೆಯಲ್ಲಿ ಬಿಳಿ ಬಟ್ಟೆಯಡಿ ಮಲಗಿದ್ದರು.

“ನಿನ್ನ ಮೈದುನನಿಗೆ ಹೇಳಿದೆಯಾ?” ನಾದಿನಿ ಬಾಗಿಲಲ್ಲಿ ನಿಂತು ಕೇಳಿದರು. ಮೇಸ್ತ್ರಿಗೆ ಅಕ್ಕ ಅವರು. ಅಳುವುದಕ್ಕೂ, ಬಂದವರಿಗೆ ಕಾಫಿ ಸಿಕ್ಕಿತೇ ಎಂದು ನೋಡುವುದಕ್ಕೂ ಬೆಳಗಿನಿಂದ ಅವರೊಬ್ಬರೇ ಸಾಕಾಗಿದ್ದರು.

“ನಾನು ಫೋನ್ ಮಾಡಿದ್ರೆ ಎತ್ತಲ್ಲ ಅಕ್ಕ. ನೀವೇ ಹೇಳ್ತೀರಿ ಅಂದುಕೊಂಡೆ.”

“ಹೇಳಿದೀನಿ. ಬರ್ತಾನಂತೆ. ಬಂದು ಏನು ರಂಪ ಮಾಡ್ತಾನೋ. ಒಂದೇ ಹೊಟ್ಟೇಲಿ ಹುಟ್ಟಿದವರು ಇಷ್ಟು ವರ್ಷ ಮುಖ ನೋಡದೆ ಇದ್ರಲ್ಲ. ಆ ಕೊರಗೇ ಇವನನ್ನ ತಗೊಂಡು ಹೋಯ್ತು ನೋಡು.”

ಟೀಚರಮ್ಮನಿಗೆ ಚುರುಕ್ಕೆಂದಿತು. ಅವರ ಹೆದರಿಕೆಯೂ ಅದೇ. ಜಗಳ ಹೊತ್ತುಕೊಂಡೇ ಹೊರಟುಹೋದರೇ ಇವರು ಎಂದು ಯೋಚಿಸಿ ಯೋಚಿಸಿ ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

*

ಜಗಳ ಒಂದು ಕೆನ್ನೆಯೇಟಿನದು. ಗ್ಯಾರೇಜನ್ನು ಅಣ್ಣತಮ್ಮ ಸೇರಿಯೇ ನಡೆಸುತ್ತಿದ್ದರು. ಒಂದು ದಿನ ತಮ್ಮ ಬ್ರೇಕಿನ ನಟ್ಟು ಬಿಗಿಮಾಡದೆ ಬೈಕು ಕೊಟ್ಟುಬಿಟ್ಟ. ಗಿರಾಕಿ ತಿರುವಿನಲ್ಲಿ ಬಿದ್ದು, ಮೊಣಕೈ ತರಚಿಸಿಕೊಂಡು, ಗಾಡಿ ತಳ್ಳಿಕೊಂಡು ವಾಪಸ್ ಬಂದ. ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ. ಅಷ್ಟು ಜನರೆದುರು ತಮ್ಮನ ಕೆನ್ನೆಗೆ ಬಾರಿಸಿದರು. ಮದುವೆಯಾಗಿ ಮಗುವಿದ್ದ ಗಂಡಸು ಅವನು. ಸ್ಪ್ಯಾನರ್ ಕೆಳಗಿಟ್ಟು, ಕೈ ಒರೆಸಿಕೊಂಡು ನಡೆದುಬಿಟ್ಟ. ಬಸ್ ಡಿಪೋದಲ್ಲಿ ಕೆಲಸ ಹಿಡಿದ.

ಮಕ್ಕಳ ಜಗಳವನ್ನು ಚಿಟಿಕೆ ಹೊಡೆಯುವುದರಲ್ಲಿ ಬಿಡಿಸುವ ಟೀಚರಮ್ಮ ಈ ಇಬ್ಬರ ನಡುವೆ ರಾಯಭಾರ ಮಾಡಿ ಸುಸ್ತಾದರು. ಇವರನ್ನು ಕೇಳಿದರೆ ಬಾಯಿಗೆ ಬೀಗ, ಅವನನ್ನು ಕೇಳಿದರೆ ಫೋನೇ ಬಂದ್. ಭಾನುವಾರ ಬಂತೆಂದರೆ ಮೇಸ್ತ್ರಿ ಒಳಕೋಣೆ ಸೇರಿ ಕಂಪ್ಯೂಟರಿನಲ್ಲಿ ಆಟ ಆಡುತ್ತ ಕೂರುತ್ತಿದ್ದರು. ಕತ್ತಿ ಬೀಸುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಟೀಚರಮ್ಮ ಬಾಗಿಲೆಳೆದುಬಿಡುತ್ತಿದ್ದರು.

ಆಸ್ಪತ್ರೆಯಲ್ಲಿ, ಎದೆನೋವು ಮಾತನ್ನೂ ಕಸಿದುಕೊಳ್ಳುವ ಮೊದಲು, ಮೇಸ್ತ್ರಿ ಕೈಸನ್ನೆ ಮಾಡಿ ಕರೆದರು.

“ತಮ್ಮನಿಗೆ ಹೇಳಿಬಿಡು. ಈ ಭಾನುವಾರ ಬರೋಕಾಗಲ್ಲ ಅಂತ.”

ಮುಖವನ್ನೇ ನೋಡದ ತಮ್ಮನ ಹತ್ತಿರ ಇವರು ಹೋಗುವುದೆಲ್ಲಿಗೆ? ಔಷಧಿಯ ಮಂಪರಿರಬೇಕು ಎಂದುಕೊಂಡು ಟೀಚರಮ್ಮ “ಹೇಳ್ತೀನಿ” ಎಂದರು.

*

ಮೈದುನ ಬಂದವನು ಒಳಗೆ ಬರಲಿಲ್ಲ. ಡಿಪೋದ ಸಮವಸ್ತ್ರದಲ್ಲೇ ಗೇಟಿನ ಹತ್ತಿರ ನಿಂತ. ಅಂಗಳದ ಕುರ್ಚಿಗಳಲ್ಲಿದ್ದವರು ಒಬ್ಬೊಬ್ಬರೇ ಅತ್ತ ತಿರುಗಿ ನೋಡಿದರು. ಟೀಚರಮ್ಮನೇ ಎದ್ದು ಹೋದರು.

“ನಿಮ್ಮಣ್ಣ ಒಂದು ಮಾತು ಹೇಳಿದ್ರು. ಮಂಪರಲ್ಲಿ ಹೇಳಿದ್ದೋ ಏನೋ, ನೀನು ತಪ್ಪು ತಿಳ್ಕೋಬೇಡ. ಈ ಭಾನುವಾರ ಬರೋಕಾಗಲ್ಲ ಅಂತ ಹೇಳು ಅಂದ್ರು.”

ಮೈದುನ ಗೇಟಿನ ಸರಳು ಹಿಡಿದುಕೊಂಡ. “ನಾನು ನಿನ್ನೆ ಸಂಜೆವರೆಗೂ ಕಾದೆ ಅತ್ತಿಗೆ. ಒಂದು ವಾರಾನೂ ತಪ್ಪಿಸಿದವನಲ್ಲ ಅಣ್ಣ.”

“ಎಲ್ಲಿ ಕಾದೆ?”

“ಕಂಪ್ಯೂಟರ್ ಆಟದಲ್ಲಿ.”

ಅವನು ತಡವರಿಸುತ್ತ ಹೇಳಿದ. ಗ್ಯಾರೇಜಿನಲ್ಲಿ ಕೆಲಸವಿಲ್ಲದಾಗ ಇಬ್ಬರೂ ಸೇರಿ ಆಡುತ್ತಿದ್ದ ಆಟವೇ ಅದು. ಊರೂರಿನ ಜನ ಇಂಟರ್ನೆಟ್ ಮೂಲಕ ಅದರೊಳಗೆ ಸೈನಿಕರಾಗಿ ತಿರುಗುತ್ತಾರೆ.

“ಕತ್ತಿ ಮೇಲೆ ಬರೆದಿರೋ ಬಲ ನಂಬೋ ಹಾಗಿಲ್ಲ. ನಿಜವಾಗಿ ಎಷ್ಟು ಪೆಟ್ಟು ಕೊಡುತ್ತೆ ಅಂತ ಅಳೀಬೇಕಾದ್ರೆ ಯಾರಾದ್ರೂ ಕವಚ ಕಳಚಿಟ್ಟು ಎದುರಿಗೆ ಸುಮ್ನೆ ನಿಲ್ಬೇಕು. ಯಾರು ನಿಲ್ತೀರಾ ಅಂತ ಕೇಳಿದ್ದೆ. ಅಣ್ಣನ ಸೈನಿಕ ಬಂದು ನಿಂತ.”

“ಜಗಳ ಆದ ಮೇಲಾ?”

“ಆದ ಮೇಲೆ. ಮೊದಲ ಸಲ ಸಿಟ್ಟಲ್ಲೇ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಅಣ್ಣ ಕದಲಲಿಲ್ಲ. ಮುಗಿದ ಮೇಲೆ ‘ಎಷ್ಟು ಬಂತು?’ ಅಂತ ಬರೆದ. ಏಟು ಬಿದ್ದಾಗ ತಲೆ ಮೇಲೆ ಏಳೋ ಅಂಕಿ ನೋಡಿ ನಾನು ಹೇಳಿದೆ. ‘ಒಂದೇ ಏಟು ನೋಡಿ ಲೆಕ್ಕ ಹಾಕ್ಬೇಡ, ಒಂದು ಜಾಸ್ತಿ ಬೀಳುತ್ತೆ, ಒಂದು ಕಮ್ಮಿ. ನಿಮಿಷಪೂರ್ತಿ ಹೊಡೆದು ಸರಾಸರಿ ತೆಗಿ’ ಅಂದ. ಮುಂದಿನ ಭಾನುವಾರ ಬೇರೆ ಕತ್ತಿ. ಆಮೇಲೆ ಭರ್ಜಿ, ಕೊಡಲಿ. ಸಿಟ್ಟು ಯಾವಾಗ ಹೋಯ್ತೋ ಗೊತ್ತಾಗಲಿಲ್ಲ, ಅಳತೆ ಮಾತ್ರ ಉಳೀತು.”

“ಮನೆಗೆ ಬರೋಕೇನಾಗಿತ್ತು?”

“ಮೊದಲು ಯಾರು ಬಾಯಿ ತೆಗೆಯೋದು ಅಂತ,” ಎಂದು ಮೈದುನ ತಲೆ ತಗ್ಗಿಸಿದ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು ಟೀಚರಮ್ಮನಿಗೆ. ಅಣ್ಣತಮ್ಮ ವಾರ ವಾರ ಭೇಟಿಯಾಗುತ್ತಿದ್ದರು, ಅದೂ ಈ ಮನೆಯ ಒಳಕೋಣೆಯಿಂದಲೇ. ತಾನು ಬಾಗಿಲೆಳೆದು ಬೈದುಕೊಂಡದ್ದು ಆ ಭೇಟಿಯನ್ನೇ! ಅಳು ಬರಬೇಕಾದ ಕಡೆ ನಗು ನುಗ್ಗಿತು. ಸೆರಗು ಬಾಯಿಗೆ ಒತ್ತಿಕೊಂಡರು. ದುಃಖ ಒತ್ತರಿಸಿತೆಂದು ತಿಳಿದ ನಾದಿನಿ ಒಳಗಿನಿಂದ ನೀರು ಹಿಡಿದು ಓಡಿ ಬಂದರು.

“ಏನಂದ ಅವನು?”

“ಏನಿಲ್ಲ ಅಕ್ಕ. ಇವರು ಕೊರಗಿ ಹೋಗಲಿಲ್ಲ. ಚೆನ್ನಾಗೇ ಇದ್ರು.” ಆಮೇಲೆ ಮೈದುನನಿಗೆ ಹೇಳಿದರು. “ನಡಿ ಒಳಗೆ. ಅಂಗಿ ಇಸ್ತ್ರಿ ಆಗಿದೆ, ತೊಡಿಸು. ಚಟ್ಟಕ್ಕೆ ಮುಂದಿನ ಹೆಗಲು ನಿನ್ನದೇ.”

*

ಎಲ್ಲ ಮುಗಿಸಿ ಬಂದು ಸ್ನಾನ ಮಾಡುವಾಗ ಇನ್ನೂ ಬಿಸಿಲಿತ್ತು. ನಾದಿನಿ ಒರಗಿದ ಕಡೆಯೇ ನಿದ್ದೆಹೋಗಿದ್ದರು. ಟೀಚರಮ್ಮ ಮೈದುನನ ಕೈಲಿ ಒಳಕೋಣೆಯ ಕಂಪ್ಯೂಟರ್ ಹಾಕಿಸಿದರು.

“ಎಲ್ಲಿ ನಿಲ್ತಿದ್ರು, ತೋರಿಸು.”

ಪರದೆಯಲ್ಲಿ ಒಂದು ಬಯಲು, ನಡುವೆ ಒಬ್ಬ ಗಡ್ಡದ ಸೈನಿಕ. ಮೈಮೇಲೆ ತೇಪೆ ಅಂಗಿಯೊಂದೇ.

“ಇವರ ಕತ್ತಿ?”

“ಇದ್ದದ್ದೆಲ್ಲ ನನಗೇ ಕೊಟ್ಟುಬಿಟ್ಟಿದ್ದ. ನಿನ್ನ ಹತ್ರ ಇರಲಿ, ಅಳೆದು ನೋಡು ಅಂತ.”

ಮೈದುನ ತನ್ನ ಫೋನಿನಲ್ಲಿ ಅದೇ ಆಟ ತೆರೆದ. ಎತ್ತರದ ಸೈನಿಕನೊಬ್ಬ ಬಯಲಿಗೆ ಓಡಿ ಬಂದು ಅಣ್ಣನೆದುರು ನಿಂತ. ಶಿರಸ್ತ್ರಾಣ ಕಳಚಿದ, ಎದೆಗವಚ ಕಳಚಿದ, ಬೂಟನ್ನೂ ಬಿಡಲಿಲ್ಲ.

“ಹೊಡೀರಿ ಅತ್ತಿಗೆ.”

“ನಾನ್ಯಾಕೋ ಹೊಡೀಲಿ?”

“ಇಷ್ಟು ವರ್ಷ ನಿಮಗೆ ಹೇಳದೆ ಇದ್ದದ್ದಕ್ಕೆ.”

ಕಾರಣ ಟೀಚರಮ್ಮನಿಗೆ ಒಪ್ಪಿಗೆಯಾಯಿತು. ಅವನು ತೋರಿಸಿದ ಗುಂಡಿ ಒತ್ತಿದರು. ಗಡ್ಡದ ಸೈನಿಕ ಬರಿಗೈ ಎತ್ತಿ ಬೀಸಿದ. ತಮ್ಮನ ತಲೆಯ ಮೇಲೆ ಸಣ್ಣದಾಗಿ ಕೆಂಪಗೆ ಒಂದಂಕಿ ಎದ್ದಿತು.

“ಎಷ್ಟು ಬಂತು?” ಕನ್ನಡಕ ಸರಿಮಾಡಿಕೊಳ್ಳುತ್ತ ಟೀಚರಮ್ಮ ಕೇಳಿದರು.

ಮೈದುನ ಪರದೆಯನ್ನೇ ನೋಡುತ್ತಿದ್ದ.

“ಒಂದು,” ಎಂದ. “ಬರಿಗೈಯಲ್ಲಿ ಅಷ್ಟೇ ಅತ್ತಿಗೆ.”

ಅಂಕಿ ಮೆಲ್ಲಗೆ ಮೇಲೇರಿ, ಬಯಲಿನ ಆಕಾಶದಲ್ಲಿ ಕರಗಿತು. ಸೈನಿಕರಿಬ್ಬರೂ ಕವಚವಿಲ್ಲದೆ ಎದುರುಬದುರು ನಿಂತೇ ಇದ್ದರು.