ಪುಡಿ ಒಪ್ಪಿದ ಮುಖ

ಮುಖಕ್ಕೆ ಹಚ್ಚುವ ಪುಡಿಯ ಡಬ್ಬಿಯ ತಳದ ಅಕ್ಷರಗಳು ಎಷ್ಟು ಸಣ್ಣವಿದ್ದವೆಂದರೆ, ಜಯಮಾಲಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಬೇಕಾಯಿತು. ಅಭ್ರಕ, ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್, ಬಣ್ಣಕ್ಕಾಗಿ ಕಬ್ಬಿಣದ ಆಕ್ಸೈಡುಗಳು. ಸುವಾಸನೆ ಇಲ್ಲ, ಎಣ್ಣೆ ಇಲ್ಲ. ಇನ್ನೊಂದು ಕಂಪನಿಯ ಡಬ್ಬಿಯಲ್ಲಿ ಬಿಸ್ಮತ್ತಿನ ಸಂಯುಕ್ತವೂ ಇತ್ತು. ಅದರಿಂದ ಮಿಂಚು ಚೆನ್ನಾಗಿ ಬರುತ್ತದೆ, ಆದರೆ ಬೆವರು ಸೇರಿದರೆ ಕೆಲವರಿಗೆ ತುರಿಕೆ. ಅದನ್ನು ಕಪಾಟಿನ ಮೇಲಿನ ಹಲಗೆಗೆ ಸೇರಿಸಿಬಿಟ್ಟಳು. ಧಾರವಾಡದಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಹುಬ್ಬಳ್ಳಿಯ ಉಣಕಲ್‌ನಲ್ಲಿ ಕೆರೆಯ ಹತ್ತಿರ ಬ್ಯೂಟಿ ಪಾರ್ಲರ್ ತೆರೆದವಳನ್ನು ಕಂಡು ನೆಂಟರು ನಕ್ಕಿದ್ದರು. ಓದಿದ್ದು ಕೆಲಸಕ್ಕೆ ಬರುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿದ್ದದ್ದು ಇಂಥ ಹೊತ್ತಿನಲ್ಲೇ.

ಅದು 2007ರ ಬೇಸಿಗೆ. ಇಂಥ ಖನಿಜದ ಪುಡಿಗಳ ಮಿನರಲ್ ಮೇಕಪ್ಪಿನ ಹೆಸರು ಹುಬ್ಬಳ್ಳಿಗೂ ಬಂದಿತ್ತು. ಸೂಕ್ಷ್ಮ ಚರ್ಮಕ್ಕೂ ಒಪ್ಪುತ್ತದೆ, ಮೊಡವೆ ಇದ್ದವರೂ ಹಚ್ಚಬಹುದು ಎಂದು ಡಬ್ಬಿಗಳು ಹೇಳುತ್ತಿದ್ದವು. ಜಯಮಾಲಾ ಆ ಮಾತನ್ನು ಹಾಗೇ ನಂಬುವವಳಲ್ಲ. ಯಾರಿಗೆ ಒಪ್ಪುತ್ತದೆ, ಆ ಚರ್ಮದ ಮೇಲೆ ಮೊದಲೇ ಇನ್ನೇನು ಹಚ್ಚಿದೆ ಎಂದು ಕೇಳುವವಳು.

ಕಾವೇರಿಯನ್ನೂ ಕೇಳಿದ್ದಳು. ರೈಲ್ವೆ ವರ್ಕ್‌ಶಾಪಿನ ಶಿದ್ದಪ್ಪನ ಮಗಳು. ಮದುವೆ ಗೊತ್ತಾಗಿ, ತಾಯಿ ದುರಗವ್ವನ ಜೊತೆ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮುಖ ನಯವಾಗಿತ್ತು, ಬೆಳ್ಳಗಿತ್ತು. ಹತ್ತಿರದಿಂದ ನೋಡಿದರೆ ಮಾತ್ರ ಕೆನ್ನೆಯಲ್ಲಿ ಕೆಂಪು ಎಳೆಗಳು ಕಾಣುತ್ತಿದ್ದವು.

"ಮಾರೀಗೆ ಏನೇನ ಹಚ್ಚತಿ?"

ಕಾವೇರಿ ತಾಯಿಯ ಕಡೆ ನೋಡಿದಳು. ದುರಗವ್ವನೇ ಹೇಳಿದಳು: "ಏನ ಹಚ್ಚತಾಳ್ರಿ ಬಾಯಾರ, ಕಡ್ಲಿಹಿಟ್ಟು, ಹಾಲಿನ ಕೆನಿ. ನಮ್ಮಂಥಾರ ಮನ್ಯಾಗ ಮತ್ತೇನ ಇರತೈತಿ?"

"ಔಷಧ ಗಿವಷಧ?"

"ಇಲ್ರಿ, ಇಲ್ಲ."

"ಸೋಪ್ ಹಚ್ಚಿದ್ರ ಉರೀತೈತ್ರಿ ಅಕ್ಕಾರ," ಕಾವೇರಿ ಮೆಲ್ಲಗೆ ಅಂದಳು. "ಬಿಸಲಿಗೆ ಹೋದ್ರ ಕೆಂಪಾಕ್ಕೈತಿ. ಮದವಿ ದಿನ ಏನರ ಆತಂದ್ರ..."

"ಏನೂ ಆಗೂದಿಲ್ಲ, ಸುಮ್ನಿರ," ದುರಗವ್ವ ಗದರಿದಳು. "ಬೀಗತಿ ಏನಂದ್ಲು ನೋಡಾಕ ಬಂದಾಗ? ಹುಡಗಿ ಮಾರಿ ಬೆಣ್ಣಿ ಇದ್ದಂಗ ಐತಿ ಅಂದ್ಲು. ಆ ಮಾತು ಉಳದ್ರ ಸಾಕು."

ಕಾವೇರಿಗೆ ಬೇಕಿದ್ದದ್ದೂ ಅಷ್ಟೇ. ಮೊದಲು, ಮುಖದ ತುಂಬ ಮೊಡವೆ ಇದ್ದಾಗ ನೋಡಿ ಹೋದ ಮನೆಗಳವರು ಮರಳಿ ಬಂದಿರಲಿಲ್ಲ. ಈಗ ವರ ಹನಮೇಶನ ಮನೆಯವರು ಒಪ್ಪಿದ್ದರು. ಅವರು ಒಪ್ಪಿದ ಮುಖ ಅಕ್ಷತೆಯ ಹೊತ್ತಿಗೆ ಅವರ ಕಣ್ಣೆದುರೇ ಕೆಡಬಾರದು.

ಜಯಮಾಲಾ ಅವಸರ ಮಾಡಲಿಲ್ಲ. ಪುಡಿಯನ್ನು ಮೊದಲು ಕಿವಿಯ ಹಿಂದೆ ಹಚ್ಚಿದಳು. ಅಲ್ಲಿಯ ಚರ್ಮ ಮುಖದ ಚರ್ಮದಂತಲ್ಲ ಎಂದು ದವಡೆಯಂಚಿಗೂ ಹಚ್ಚಿ ಕಳಿಸಿದಳು. ಮರುದಿನ ನೋಡಿದರೆ ಕೆಂಪಿಲ್ಲ, ಗುಳ್ಳೆ ಇಲ್ಲ. ಇನ್ನೊಮ್ಮೆ ಹಚ್ಚಿದಾಗಲೂ ಹಾಗೇ. ಕಾವೇರಿ ಕನ್ನಡಿಯಲ್ಲಿ ದವಡೆ ತಿರುಗಿಸಿ ತಿರುಗಿಸಿ ನೋಡಿಕೊಂಡು, ಮೊದಲ ಸಲ ಕುರ್ಚಿಗೆ ಒರಗಿ ಕೂತಳು.

ಮದುವೆಯ ಹಿಂದಿನ ದಿನ ಸುರಗಿ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರೆರೆದಿದ್ದರು. ಅಂಗಳ ಇನ್ನೂ ಹಳದಿಯಾಗಿತ್ತು. ಮರುದಿನದ ಅಲಂಕಾರವನ್ನು ಒಮ್ಮೆ ಹಾಕಿ ನೋಡಲೆಂದು ಪೆಟ್ಟಿಗೆ ಹಿಡಿದು ಬಂದ ಜಯಮಾಲಾಳನ್ನು ದುರಗವ್ವ ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದಳು.

ಕಾವೇರಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಿರುಗಿದಾಗ ಜಯಮಾಲಾ ಪೆಟ್ಟಿಗೆಯನ್ನು ಕೆಳಗಿಟ್ಟಳು. ಕೆನ್ನೆ, ಹಣೆ, ಗದ್ದ ಎಲ್ಲ ಸುಟ್ಟಂತೆ ಕೆಂಪಾಗಿ ಉಬ್ಬಿದ್ದವು. ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆಗಳು.

"ಎರಡ ದಿನದಿಂದ ಹಿಂಗ ಐತ್ರಿ. ಪೌಡರಿನಿಂದ ಮುಚ್ಚತೈತೇನ್ರಿ?" ದುರಗವ್ವ ಕೇಳಿದಳು.

ಜಯಮಾಲಾ ಕುಂಚದ ತುದಿಯಲ್ಲಿ ಚೂರು ಪುಡಿ ತೆಗೆದು ದವಡೆಗೆ ಸೋಕಿಸಿದಳು. ಕಾವೇರಿ ಚೀರಿ ಕೈ ತಳ್ಳಿದಳು. ಅದೇ ಪುಡಿ, ಅದೇ ದವಡೆ.

ಮೊದಲು ಅನುಮಾನ ಬಂದದ್ದು ಅರಿಷಿಣದ ಮೇಲೆ. ಪೇಟೆಯ ಅರಿಷಿಣದಲ್ಲಿ ಏನು ಬೆರೆಸಿರುತ್ತಾರೋ. ಆದರೆ ಅರಿಷಿಣವನ್ನು ಕುತ್ತಿಗೆಗೂ ತೋಳಿಗೂ ಬಳಿದಿದ್ದರು. ಅಲ್ಲೆಲ್ಲ ಚರ್ಮ ತಣ್ಣಗಿತ್ತು. ಹಾಗಾದರೆ ಇದು ಮುಖಕ್ಕೆ ಮಾತ್ರ ತಾಗಿದ ಯಾವುದೋ ಒಂದರಿಂದ ಆಗಿರಬೇಕು.

"ಕಾವೇರಿ, ಮಾರೀಗಷ್ಟ ಹಚ್ಚೂದು ಏನೈತಿ? ಖರೇ ಹೇಳು."

ಹುಡುಗಿ ದಿಂಬಿನ ಕೆಳಗಿಂದ ಹಿಂಡಿ ಮಡಚಿದ ಟ್ಯೂಬೊಂದನ್ನು ತೆಗೆದುಕೊಟ್ಟಳು. "ಬಿಳಿ ಮುಲಾಮ್ರಿ. ಮೊದಲ ನೋಡಾಕ ಬಂದಾರು ಬ್ಯಾಡ ಅಂದಾಗಿಂದ ಹಚ್ಚತೇನಿ, ಎರಡ ವರ್ಷಾತು."

"ಅದೇನ ಔಷಧಲ್ರಿ," ದುರಗವ್ವ ನಡುವೆ ಬಂದಳು. "ಬೆಳ್ಳಗ ಆಗೂ ಮುಲಾಮು. ಮೆಡಿಕಲ್ ಅಂಗಡ್ಯಾಗ ಕೇಳಿದಾರಿಗೆಲ್ಲಾ ಕೊಡತಾರ. ಅದನ್ನೂ ನಾಕೈದ ದಿನಾತು ಹಚ್ಚಿಲ್ರಿ, ಅರಿಷಿಣ ಬಿದ್ದ ಮಾರೀಗೆ ಮತ್ತೊಂದ ಹಚ್ಚಬಾರ್ದಂತ ನಾನ ಬಿಡಿಸೇನಿ. ನಮ್ಮ ಮನಿತನದಾಗ ಹಂಗ ನಡೀತೈತಿ."

ಜಯಮಾಲಾ ಟ್ಯೂಬನ್ನು ಬಿಡಿಸಿ ಹೆಸರು ಓದಿದಳು. ಬೆಟಾಮೆಥಸೋನ್, ಸ್ಟಿರಾಯ್ಡ್. ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಬೆಳ್ಳಗೂ ಕಾಣುತ್ತದೆ. ಉರಿ, ತುರಿಕೆ, ಕೆಂಪು ಯಾವುದನ್ನೂ ಮೇಲೇಳಗೊಡುವುದಿಲ್ಲ. ಬಿಟ್ಟರೆ, ಅದುಮಿಟ್ಟದ್ದೆಲ್ಲ ಒಮ್ಮೆಗೇ ಏಳುತ್ತದೆ. ಅವಳು ಅಷ್ಟು ಜತನದಿಂದ ದವಡೆಯ ಮೇಲೆ ನಡೆಸಿದ ಪರೀಕ್ಷೆಯನ್ನು ಪಾಸು ಮಾಡಿದ್ದು ಪುಡಿಯಲ್ಲ, ಈ ಮುಲಾಮು.

"ಇದನ್ನ ಬಿಡಬೇಕು ಕಾವೇರಿ. ಚರ್ಮದ ಡಾಕ್ಟರಿಗೆ ತೋರಸೂಣು. ನಾಳೆ ಮಾರೀಗೆ ಏನೂ ಹಚ್ಚದ ನಿಂದ್ರು."

"ಬಿಟ್ರ ಎಷ್ಟ ದಿನಕ್ಕ ಇಳೀತೈತ್ರಿ?"

"ತಿಂಗಳ ಹಿಡೀತಾವು. ಮೊದಲ ಇನ್ನೂ ಜಾಸ್ತಿ ಆಕ್ಕೈತಿ, ಆಮ್ಯಾಲ ಇಳೀತೈತಿ."

"ಅಲ್ಲೀತನಕಾ ಈ ಮಾರಿ ಇಟಗೊಂಡು ಯಾರ ಮನ್ಯಾಗ ಕುಂಡ್ರಲ್ರಿ ಅಕ್ಕಾರ?"

ಹೊರಗೆ ಹೆಂಗಸರು ಯಾವುದೋ ಮಾತಿಗೆ ಗೊಳ್ಳೆಂದು ನಕ್ಕರು. ದುರಗವ್ವ ಟ್ಯೂಬನ್ನು ಜಯಮಾಲಾಳ ಕೈಯಿಂದ ತೆಗೆದುಕೊಂಡಳು. "ಅರಿಷಿಣ ಆತು, ಸುರಗಿ ಆತು. ಇನ್ನ ಹಚ್ಚಿದ್ರ ನಡೀತೈತಿ."

ಕಾವೇರಿ ಮುಖ ಎತ್ತಿ ಕೊಟ್ಟಳು. ಜಯಮಾಲಾ ತಡೆಯಲಿಲ್ಲ. ಏನಾದರೊಂದು ಹೇಳಲೇಬೇಕೆಂದು ಹೇಳಿದಳು: "ಆಷಾಢಕ್ಕ ತವರಮನಿಗೆ ಬರತೀಯಲ್ಲಾ, ಅವಾಗ ಬಿಡು. ತಿಂಗಳತನಕಾ ಅತ್ತಿ ನೋಡೂದಿಲ್ಲ, ಗಂಡ ನೋಡೂದಿಲ್ಲ. ಡಾಕ್ಟರ ಕಡೆ ನಾನ ಕರಕೊಂಡ ಹೋಗತೇನಿ. ಆಣಿ ಮಾಡು."

"ಆಣಿ ಅಕ್ಕಾರ." ಆ ತಿಂಗಳು ಈಗಲೇ ಬಂದುಬಿಟ್ಟಿತೋ ಎಂಬಂತೆ ಕಾವೇರಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬೆಳಗಾಗುವಷ್ಟರಲ್ಲಿ ಕೆಂಪು ಇಳಿದಿತ್ತು. ಪುಡಿ ತೆಳ್ಳಗೆ, ಒಂದೇ ಸಮನಾಗಿ ಕೂತಿತು. ಮಂಟಪದಲ್ಲಿ ಹನಮೇಶನ ತಾಯಿ ಸೊಸೆಯ ಗದ್ದ ಹಿಡಿದು ನೋಡಿ ಜಯಮಾಲಾಳಿಗೆ ಹೇಳಿದಳು: "ನಮ್ಮ ಹನಮ್ಯಾಗೂ ಒಂದೀಟ ಬಡೀರಿ ಬಾಯಾರ. ಇಕಿ ಬಾಜೂಕ ನಿಂತ್ರ ರೊಟ್ಟಿ ಹಂಚಿನಂಗ ಕಾಣಾಕತ್ತಾನ." ಎಲ್ಲರೂ ನಕ್ಕರು. ಹನಮೇಶನೂ ನಕ್ಕ, ಕಾವೇರಿಯನ್ನೇ ನೋಡುತ್ತ.

ಆಷಾಢ ಬಂತು. ಜಿಟಿಜಿಟಿ ಮಳೆಯಲ್ಲಿ ಪಾರ್ಲರಿಗೆ ಬರುವವರು ಕಡಿಮೆ. ಜಯಮಾಲಾ ಡಾಕ್ಟರರನ್ನು ಕಂಡು ಮಾತಾಡಿಟ್ಟಿದ್ದಳು. ಒಮ್ಮೆಗೇ ಅಲ್ಲ, ಹಂತಹಂತವಾಗಿ ಬಿಡಿಸೋಣ ಎಂದಿದ್ದರು. ಫೋನ್ ಮಾಡಿದಾಗಲೆಲ್ಲ ಕಾವೇರಿ "ನಾಳೆ ಬರತೇನ್ರಿ" ಎನ್ನುತ್ತಿದ್ದಳು. ತಿಂಗಳು ಮುಗಿಯಲು ಬಂದಾಗ, ಒಂದು ಭಾನುವಾರ, ಕೊಡೆ ಮಡಚುತ್ತ ಒಳಗೆ ಬಂದಳು. ಮುಖ ನಯವಾಗಿತ್ತು. ಕೆಂಪು ಎಳೆಗಳು ಈಗ ಕಣ್ಣಿನ ಪಕ್ಕದವರೆಗೂ ಹರಡಿದ್ದವು.

"ಬಿಟ್ಟಿಲ್ಲಲ್ಲ?"

"ಹೆಂಗ ಬಿಡ್ಲಿ ಅಕ್ಕಾರ?" ಕಾವೇರಿ ಸೆರಗಿನ ತುದಿ ಹಿಂಡಿದಳು. "ಅವ್ರು ರವಿವಾರಕ್ಕೊಮ್ಮೆ ಬರತಾರ್ರಿ. ಆಷಾಢದಾಗ ಹೋಗಬಾರ್ದಲೇ ಅಂತ ಅತ್ತಿ ಬೈದ್ರೂ ಕೇಳೂದಿಲ್ಲ. ಕೆರಿ ದಂಡ್ಯಾಗ ನಿಂತು ಮಿಸ್ ಕಾಲ್ ಕೊಡತಾರ. ನಿನ್ನ ಮಾರಿ ನೋಡದ ವಾರ ಸರಿಯೂದಿಲ್ಲ ಅಂತಾರ." ಹೇಳುವಾಗ ತುಟಿಯಲ್ಲಿ ನಗು ಬಂದಿತ್ತು, ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

"ಅಷ್ಟ ಜೀಂವಾ ಮಾಡತಾನಂದ್ರ, ಅವಗ ಹೇಳಿಬಿಡು."

"ಬಾಯಿತನಕಾ ಬರತೈತ್ರಿ. ಅವ್ರು ಮಾರೀನ ನೋಡತಿರತಾರ... ಹೇಳಾಕ ಆಗೂದಿಲ್ಲ."

ಅವಳ ಕೈಯೊಳಗಿನ ಫೋನ್ ಒಮ್ಮೆ ಗುಣುಗುಟ್ಟಿ ನಿಂತಿತು. ಕಾವೇರಿ ಕುರ್ಚಿಯಲ್ಲಿ ಕೂತು, ಕನ್ನಡಿಯ ಕಡೆ ನೋಡದೆ ಕಣ್ಣು ಮುಚ್ಚಿದಳು.

"ಒಂದೀಟ ಪೌಡರ್ ಹಚ್ಚಿಬಿಡ್ರಿ ಅಕ್ಕಾರ."

ಜಯಮಾಲಾ ಎಲ್ಲಕ್ಕಿಂತ ಮೆತ್ತಗಿನ ಕುಂಚವನ್ನು ಹುಡುಕಿ ತೆಗೆದಳು. ಪುಡಿ ಎಲ್ಲೂ ಗಂಟು ಕಟ್ಟಲಿಲ್ಲ, ಎಲ್ಲೂ ಬಿರಿಯಲಿಲ್ಲ. ಕಾವೇರಿ ಒಮ್ಮೆಯೂ ಉರಿ ಎನ್ನಲಿಲ್ಲ. ಎದ್ದು, ಹನಿ ತಾಗದಂತೆ ಕೊಡೆಯನ್ನು ಮುಖದ ಮುಂದಕ್ಕೆ ಬಾಗಿಸಿ ಹಿಡಿದುಕೊಂಡು, ಕೆರೆಯ ಕಡೆ ನಡೆದಳು.