ಎರಡನೇ ಸಲ ಕೇಳಿದ ಪ್ರಸಾದ

"ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿ ಅಂತ ನಾನೇ ಬರೆದುಕೊಟ್ಟಿದ್ದೆ. ಎರಡು ವರ್ಷ ಎಲ್ಲಿಗೆ ಹೋಗಿದ್ರಿ?"

ಕಾರವಾರದ ಆಸ್ಪತ್ರೆಯಲ್ಲಿ ಡಾಕ್ಟರ್ ಗಾಯತ್ರಿ ಕೇಳಿದ್ದು, ಹೊಟ್ಟೆನೋವೆಂದು ಮತ್ತೆ ಬಂದು ಸ್ಕ್ಯಾನ್ ಮಾಡಿಸಿಕೊಂಡಿದ್ದ ದೇವಿಯನ್ನು. ಬೆವರಿದವನು ಮಾತ್ರ ಪಕ್ಕದಲ್ಲಿ ಕುಳಿತ ಅವಳ ಗಂಡ ಹುಲಿಯಾ.

"ಎಂತಾ ಸ್ಕ್ಯಾನು ಡಾಕ್ಟ್ರಮ್ಮ? ಮೂತ್ರದ ಕಲ್ಲು ಆಗಲೇ ಬಿದ್ದು ಹೋಯ್ತಲ್ಲ" ಅಂದಳು ದೇವಿ. ಅಂಕೋಲೆ ಪೇಟೆಯಲ್ಲಿ ಹರಿವೆ, ಬಸಳೆ ಮಾರುವ ಹೆಂಗಸು. ಯಾರೆದುರೂ ದನಿ ತಗ್ಗಿಸಿದವಳಲ್ಲ.

ಗಾಯತ್ರಿ ಹುಲಿಯಾನತ್ತ ನೋಡಿದರು. ಹುಲಿಯಾ ನೆಲ ನೋಡಿದ.

"ಕಲ್ಲು ಹುಡುಕುವಾಗಲೇ ಇದು ಕಂಡಿತ್ತು, ಅಮ್ಮ. ಜಠರದ ಹಿಂದಿನ ಮೇದೋಜೀರಕ ಗ್ರಂಥಿಯಲ್ಲಿ ನೀರು ತುಂಬಿದ ಗುಳ್ಳೆ. ಎಷ್ಟೋ ಜನರಿಗೆ ಇರ್ತದೆ, ಏನೂ ಮಾಡೂದಿಲ್ಲ. ಆದರೆ ಬೆಳೀತದಾ ಅಂತ ಕಣ್ಣಿಟ್ಟಿರಬೇಕು. ಆಗ ಹದಿನಾಲ್ಕು ಮಿಲಿಮೀಟರ್ ಇತ್ತು, ಈಗ ಮೂವತ್ತೊಂದು. ಒಳಗೆ ಗಟ್ಟಿ ಏನೋ ಕಾಣ್ತದೆ."

"ಕ್ಯಾನ್ಸರಾ?" ದೇವಿ ನೇರವಾಗಿ ಕೇಳಿದಳು.

"ಈಗಲೇ ಹೇಳಲಿಕ್ಕೆ ಬರೂದಿಲ್ಲ. ಬಾಯಿಂದ ನಳಿಗೆ ಇಳಿಸಿ, ಹತ್ತಿರದಿಂದ ಸ್ಕ್ಯಾನ್ ಮಾಡಿ, ಸೂಜಿಯಿಂದ ಆ ನೀರು ತೆಗೆದು ನೋಡ್ತಾರೆ. ಆಪರೇಶನ್ ಬೇಕಾ ಬೇಡ್ವಾ ಅಂತ ಆಮೇಲೆ ತೀರ್ಮಾನ. ಮಂಗಳೂರಿಗೆ ಚೀಟಿ ಕೊಡ್ತೇನೆ. ಹನ್ನೆರಡನೇ ತಾರೀಕು. ಈ ಸಲ ತಪ್ಪಿಸಬೇಡಿ."

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಚೀಟಿಯನ್ನು ಪಕ್ಕಕ್ಕಿಟ್ಟು ದೇವಿ ಅವನತ್ತ ತಿರುಗಿದಳು. "ಈಗ ಹೇಳು."

ಹುಲಿಯಾ ಹೇಳಿದ. ಅವತ್ತು ಅವಳು ನೋವಿನ ಇಂಜೆಕ್ಷನ್ ತೆಗೆದುಕೊಂಡು ಮಲಗಿದ್ದಳು. ಡಾಕ್ಟರು ಗುಳ್ಳೆಯ ಸುದ್ದಿ ಹೇಳಿದ್ದು ಅವನೊಬ್ಬನಿಗೇ. ಮನೆಗೆ ಬಂದವನು ಚೀಟಿಯನ್ನು ಅಕ್ಕಿ ಡಬ್ಬಿಯ ಅಡಿಗೆ ತುರುಕಿದ. ಮರುದಿನ ಊರ ಗುಡಿಗೆ ಹೋಗಿ ಕೇಶವ ಭಟ್ಟರ ಹತ್ತಿರ ಪ್ರಸಾದ ಕೇಳಿಸಿದ. ದೇವರ ಮೈಗೆ ಅಂಟಿಸಿದ ಒದ್ದೆ ಹೂವಿನ ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. 'ಹೆದರೂದು ಬೇಡ, ಮತ್ತೆ ಸ್ಕ್ಯಾನ್ ಬೇಡ, ಹೌದಾ?' ಅಂತ ಕೇಳಿದ್ದು.

"ಬಲಕ್ಕೇ ಬಿತ್ತು" ಅಂದ.

ದೇವಿ ಅವನ ಮುಖವನ್ನೇ ನೋಡುತ್ತಿದ್ದಳು. "ಎಷ್ಟು ಸಲ ಕೇಳ್ಸಿದೆ?"

ಹುಲಿಯಾ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. "ಎರಡು."

"ಮೊದಲನೇದು?"

"ಎಡಕ್ಕೆ... ಹೂ ಸರಿ ಅಂಟ್ಲಿಲ್ಲ, ಮತ್ತೊಂದ್ಸಲ ಇಡಿ ಅಂದೆ. ಭಟ್ರು ಒಂದು ಗಳಿಗೆ ನನ್ನನ್ನೇ ನೋಡಿದ್ರು. ಆಮೇಲೆ ಇಟ್ರು."

"ಮಗನ ಮದುವೆಗೆ ಪ್ರಸಾದ ಕೇಳ್ಸುವಾಗ, ದೇವರನ್ನ ಎರಡು ಸಲ ಕೇಳ್ಬಾರ್ದು ಅಂತ ಊರಿಗೆಲ್ಲ ಬೈದವ ನೀನೇ ಅಲ್ದಾ?"

"ಹೌದು."

"ಅಡ್ಡಿಲ್ಲ ಮಾರಾಯಾ. ಒಂದು ಕಟ್ಟು ಹರಿವೆಗೆ ಚೌಕಾಸಿ ಮಾಡುವವರನ್ನ ದಿನಾ ನೋಡ್ತೆ. ದೇವರ ಹತ್ರ ಚೌಕಾಸಿ ಮಾಡಿದವನನ್ನ ಇವತ್ತೇ ನೋಡಿದ್ದು."

ನಗು ಅವಳ ಬಾಯಿವರೆಗೆ ಬಂದು ಅಲ್ಲೇ ನಿಂತಿತು. ಬೈದಿದ್ದರೆ ಹುಲಿಯಾನಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೆದರ್ಕೆ ಆಗಿತ್ತೇ" ಅಂದ. "ನಿಂಗೆ ಏನಾದ್ರೂ ಆದ್ರೆ ಅಂತ."

"ಹೊಟ್ಟೆ ನಂದಲ್ದಾ? ನನ್ನನ್ನೂ ಒಂದು ಮಾತು ಕೇಳೂಕಾಗಿತ್ತು."

ಅಂಕೋಲೆ ಬಸ್ಸು ಬಂತು. ಆಸ್ಪತ್ರೆಯ ಚೀಟಿ ಬೆಂಚಿನ ಮೇಲಿತ್ತು. ಹುಲಿಯಾ ಎಂದಿನಂತೆ ಅಂಗಿಯ ಜೇಬಿಗೆ ಇಟ್ಟುಕೊಳ್ಳಲು ಕೈ ಚಾಚಿದ. ಅಷ್ಟರಲ್ಲಿ ದೇವಿ ಅದನ್ನು ಎತ್ತಿ ನಾಲ್ಕು ಮಡಿಕೆ ಮಾಡಿ, ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.