ಹಿಂದಿನ ಸೀಟಿನ ಭಾರ

ಇನ್ನೊಂದಿಷ್ಟು ಭಾರ ಬೇಕಿತ್ತು. ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತ ಶಾಂತಮೂರ್ತಿ ಅಂದಾಜು ಮಾಡಿದ. ಅವ್ವ ಮೈ ಕೈ ತುಂಬಿಕೊಂಡಿದ್ದಾಳೆ, ಸದ್ಯ. ನಾಗಶ್ರೀ ಮಾತ್ರ ಮದುವೆಯಲ್ಲಿ ಹೇಗಿದ್ದಳೋ ಈಗಲೂ ಹಾಗೇ ಕಡ್ಡಿ. ಹೆಂಡತಿ ದಪ್ಪಗಿಲ್ಲವಲ್ಲ ಎಂದು ಅವನು ಕೊರಗಿದ್ದು ಇದೇ ಮೊದಲು.

ಹನೂರು ದಾಟಿ ಕಾರು ಬೆಟ್ಟದ ಕಡೆ ಹೊರಟಿತ್ತು. ಪಕ್ಕದಲ್ಲಿ ಕಾರು ಕಂಪನಿಯ ಎಂಜಿನಿಯರ್ ಮಣಿಕಂಠ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಅವನನ್ನು ಮೈಸೂರಿನಿಂದ ಕರೆತಂದ ಕಂಪನಿಯ ಇನ್ನೊಂದು ಕಾರು ಹಿಂದೆಯೇ ಬರುತ್ತಿತ್ತು.

ಶಾಂತಮೂರ್ತಿಯದು ಆಟೋಮ್ಯಾಟಿಕ್ ಕಾರು. ಕೊಳ್ಳೇಗಾಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು ಅಳೆದು ಸುರಿದು ಕೊಂಡದ್ದು. ಜನ ತುಂಬಿಕೊಂಡು ಏರು ಹತ್ತಿದರೆ ಗೇರ್‌ಬಾಕ್ಸ್ ಕೈ ಕೊಡುತ್ತಿತ್ತು. ಎಂಜಿನ್ ಅರಚುವುದು, ಚಕ್ರ ಮಿಸುಕುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಎರಡು ಸಲ ಗೇರ್‌ಬಾಕ್ಸ್ ಬದಲಾಯಿಸಿದರೂ ಅದೇ ಹಾಡು. ಕಂಪನಿಗೆ ಎಷ್ಟು ಬರೆದರೂ ಒಂದೇ ವಾಕ್ಯದ ಉತ್ತರ: ತಪಾಸಣೆಯಲ್ಲಿ ದೋಷ ಕಂಡುಬಂದಿಲ್ಲ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೊದಲು ಕಾರಿನ ಆರೋಗ್ಯ ಕೇಳುತ್ತಿದ್ದರು. ಅವರ ನಗು ಅವನಿಗೆ ನಿದ್ದೆಯಲ್ಲೂ ಕೇಳುತ್ತಿತ್ತು. ಬರುಬರುತ್ತ ಅವನಿಗೆ ಕಾರು ಸರಿಹೋಗುವುದು ಬೇಡವಾಯಿತು. ಅದು ಕೆಟ್ಟದ್ದನ್ನು ಒಬ್ಬರು, ಒಬ್ಬರಾದರೂ, ಕಣ್ಣಾರೆ ನೋಡಿ ಹೌದು ಅನ್ನಬೇಕಿತ್ತು. ಕಂಪನಿ ಕೊನೆಗೆ ಎಂಜಿನಿಯರ್‌ನನ್ನು ಕಳಿಸಲು ಒಪ್ಪಿದ್ದು ಒಂದೇ ಒಂದು ಸಲಕ್ಕೆ. ಇವತ್ತು ಕೆಡದಿದ್ದರೆ ದೂರು ಮುಗಿದಂತೆ.

"ಅವ್ವ, ನಾಳೆ ಮಾದಪ್ಪನ ಬೆಟ್ಟಕ್ಕೆ ಹೋಗೋಣ" ಎಂದಿದ್ದ ನಿನ್ನೆ. ಮಂಡಿನೋವಿನ ಶಿವರತ್ನಮ್ಮ ಬೆಟ್ಟ ಕಾಣದೆ ವರ್ಷಗಳಾಗಿದ್ದವು. ಕೋಳಿ ಕೂಗುವ ಮೊದಲೇ ತಲೆಗೆ ನೀರು ಹಾಕಿಕೊಂಡು, ವಿಭೂತಿ ಬಳಿದುಕೊಂಡು, ತೊಟ್ಟು ನೀರೂ ಕುಡಿಯದೆ ಜಗಲಿಯ ಮೇಲೆ ಕೂತುಬಿಟ್ಟಿದ್ದಳು. ನಿಜ ಗೊತ್ತಿದ್ದ ನಾಗಶ್ರೀ ಮಾತಾಡಲಿಲ್ಲ. ಮಾತಾಡದೆಯೇ ಅವರ ಸಂಸಾರ ಇಷ್ಟು ದೂರ ಬಂದಿತ್ತು.

ತಾಳಬೆಟ್ಟ ದಾಟಿ ಏರು ಶುರುವಾಯಿತು. ಒಂದೊಂದು ತಿರುವಿಗೂ ಶಾಂತಮೂರ್ತಿ ಒಳಗೊಳಗೇ ಬೇಡಿಕೊಂಡ. ಕೆಡು. ಈಗ ಕೆಡು. ಹಾಳಾದ್ದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹತ್ತುತ್ತಿತ್ತು.

"ಸ್ಮೂತಾಗಿದೆಯಲ್ಲ ಸರ್" ಎಂದ ಮಣಿಕಂಠ.

"ಇನ್ನೂ ಏರಿದೆ."

"ರೀಡಿಂಗ್ ಎಲ್ಲಾ ನಾರ್ಮಲ್."

"ಕೆಡಾಕಿಲ್ಲ ಕಣಪ್ಪ" ಎಂದಳು ಶಿವರತ್ನಮ್ಮ ಹಿಂದಿನಿಂದ. "ನಾನು ಮುಡ್ಪು ಕಟ್ಟಿವ್ನಿ. ನನ್ ಮಗನ ಕಾರು ಎಲ್ಲೂ ನಿಲ್ದಂಗೆ ಕಾಯಪ್ಪ, ನಿನ್ ಗುಡಿಗೆ ಬಂದು ಒಪ್ಪುಸ್ತೀನಿ ಅಂತ." ಸೆರಗಿನ ತುದಿಯಿಂದ ಅರಿಶಿನದ ಬಟ್ಟೆಯ ಗಂಟು ತೆಗೆದು ಇಬ್ಬರಿಗೂ ತೋರಿಸಿದಳು.

ಮಣಿಕಂಠ ನಕ್ಕ. "ಹಂಗಾದ್ರೆ ನಮ್ ಕೆಲಸ ನೀವೇ ಮಾಡ್ಬಿಟ್ರಲ್ಲ ಅಮ್ಮ!"

ದೇವರಿಲ್ಲವೆಂದು ಶಾಂತಮೂರ್ತಿ ಓದಿನ ದಿನಗಳಲ್ಲೇ ತೀರ್ಮಾನಿಸಿದ್ದ. ಈಗ ನಂಬಿದ. ತಾಯಿಯನ್ನು ದ್ವೇಷಿಸಲು ಅಷ್ಟು ನಂಬಿಕೆ ಬೇಕಾಗಿತ್ತು. ಆ ಗಂಟನ್ನು ಕಿತ್ತು ಕಂದಕಕ್ಕೆ ಎಸೆಯಬೇಕು ಅನ್ನಿಸಿತು.

ಗುಡಿಗೆ ಇನ್ನೆರಡು ತಿರುವು ಇರುವಾಗ ಮಣಿಕಂಠ ಕಾರು ನಿಲ್ಲಿಸಲು ಹೇಳಿದ. ದೋಷವಿಲ್ಲವೆಂಬ ವರದಿಗೆ ಶಾಂತಮೂರ್ತಿಯ ಬೆರಳಿನಿಂದ ಪರದೆಯ ಮೇಲೆ ಸಹಿ ಮಾಡಿಸಿಕೊಂಡ.

"ಪೂರ್ತಿ ಮೇಲಕ್ಕೆ ಬನ್ನಿ" ಎಂದ ಶಾಂತಮೂರ್ತಿ.

"ಟೆಸ್ಟ್ ಮುಗೀತು ಸರ್. ಅಮ್ಮಂಗೆ ದರ್ಶನ ಮಾಡ್ಸಿ."

ಹಿಂದಿನ ಕಾರು ಅವನನ್ನು ಹತ್ತಿಸಿಕೊಂಡು ಇಳಿದುಹೋಯಿತು. ಶಾಂತಮೂರ್ತಿ ಊರ ಕಡೆ ಹೊರಡಲು ಸ್ಟೇರಿಂಗ್ ತಿರುಗಿಸಿದ.

"ಯಾಕಪ್ಪ, ಗುಡಿ ಮ್ಯಾಲದೆ?"

"ಕೆಲಸ ಇದೆ. ಇನ್ನೊಂದು ಸಲ ಬರೋಣ."

"ಮುಡ್ಪು ಒಪ್ಪುಸ್ದೆ ತಿರುಗ್ಬಾರ್ದು ಕಣಪ್ಪ. ಇಲ್ಲೇ ಅದಲ್ಲ."

"ಇನ್ನೊಂದು ಸಲ ಅಂದ್ನಲ್ಲ."

ನಾಗಶ್ರೀ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು. "ಅತ್ತೆ, ನಮ್ಮನ್ನ ದೇವರಿಗೆ ಅಂತ ಕರ್ಕೊಂಡ್ ಬಂದಿಲ್ಲ. ತುಂಬಿದ ಗಾಡಿ ಕೆಡುತ್ತೆ ಅಂತ ಆ ಎಂಜಿನಿಯರ್‌ಗೆ ತೋರಿಸ್ಬೇಕಿತ್ತು. ನಾವು ಭಾರಕ್ಕೆ."

ಅವ್ವ ಅಳುತ್ತಾಳೆಂದು ಶಾಂತಮೂರ್ತಿ ಕಾದ. ಅತ್ತಿದ್ದರೆ ಗದರಬಹುದಿತ್ತು.

"ಒಂದ್ ಮಾತು ಅಂದಿದ್ರೆ..." ಎಂದಳು ಅವಳು, ವ್ಯಂಗ್ಯವಿಲ್ಲದೆ. "ಮನೇಲಿ ರಾಗಿ ಮೂಟೆ ಇದ್ವಲ್ಲಪ್ಪ."

ಅರ್ಧ ತಿರುಗಿದ ಕಾರು ರಸ್ತೆಗೆ ಅಡ್ಡ ನಿಂತಿತ್ತು. ಅವನು ಆಕ್ಸಿಲರೇಟರ್ ಒತ್ತಿದ. ಎಂಜಿನ್ ಅರಚಿತು. ಚಕ್ರ ಮಿಸುಕಲಿಲ್ಲ.

"ನೋಡಿ! ನೋಡಿದ್ರಾ!" ಶಾಂತಮೂರ್ತಿ ಕೂಗಿದ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಮಣಿಕಂಠನಿಗೆ ಫೋನ್ ಹಚ್ಚಿದರೆ ಆ ಕಾಡಿನಲ್ಲಿ ಸಿಗ್ನಲ್ ಇಲ್ಲ. ಹೆಂಗಸರಿಬ್ಬರೂ ಬಾಗಿಲು ತೆಗೆದರು.

"ಇಳೀಬೇಡಿ! ಭಾರ ಇರ್ಬೇಕು, ಇಲ್ದಿದ್ರೆ ಅವನು ನಂಬಲ್ಲ!"

ಅವರು ಇಳಿದಿದ್ದರು. ಅಷ್ಟರಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ಬಸ್ಸುಗಳು ಬಂದು ನಿಂತು ಹಾರನ್ ಹೊಡೆಯತೊಡಗಿದವು. ಇಳಿಯುವ ಬಸ್ಸಿನ ಕಂಡಕ್ಟರ್ ಬಸವಣ್ಣ ಬಂದು ಕಿಟಕಿ ತಟ್ಟಿದ.

"ಓರೆಗೆ ತಳ್ತೀವಿ ಸಾ. ಜನ ಕಾಯ್ತಾವ್ರೆ."

"ಮುಟ್ಟಬೇಡಿ. ಎಂಜಿನಿಯರ್ ವಾಪಸ್ ಬರೋವರೆಗೂ ಹೀಗೇ ಇರ್ಬೇಕು."

"ಯಾವಾಗ ಬತ್ತಾರೆ?"

ಶಾಂತಮೂರ್ತಿ ಗಾಜು ಏರಿಸಿ ಬಾಗಿಲ ಲಾಕ್ ಒತ್ತಿದ. ಬಸ್ಸಿನಿಂದ ಇಳಿದ ಮಾದಪ್ಪನ ಒಕ್ಕಲಿನ ಭಕ್ತರು ಅವನನ್ನು ಕೇಳಲು ಕಾಯಲಿಲ್ಲ. ಬರಿಗಾಲಿನ ಗಂಡಸರು ಕಾರಿನ ಹಿಂದೆ ಒತ್ತೊತ್ತಾಗಿ ನಿಂತು "ಉಘೇ ಮಾದಪ್ಪ!" ಎಂದು ಹೆಗಲು ಕೊಟ್ಟರು. ಶಾಂತಮೂರ್ತಿ ಬ್ರೇಕ್ ತುಳಿದ. ಕಾರು ಅಲುಗಿತು, ಜರುಗಲಿಲ್ಲ. ಮತ್ತೆ ಉಘೇ ಅಂದರು, ಮತ್ತೆ ತುಳಿದ.

ನಾಗಶ್ರೀ ರಸ್ತೆಯಂಚಿನಲ್ಲಿ ಕೈಕಟ್ಟಿ ನಿಂತಿದ್ದಳು. ಹಿಂಬದಿಯ ಕೆಂಪು ಬ್ರೇಕ್ ದೀಪ ಹೊತ್ತಿದ್ದನ್ನು ಅವಳು ನೋಡಿದಳು. ಆಮೇಲೆ ಕಾರಿನ ಪಕ್ಕದ ಕನ್ನಡಿಯಲ್ಲಿ ಅವನನ್ನು ನೋಡಿದಳು. ಯಾರಿಗೂ ಏನೂ ಹೇಳಲಿಲ್ಲ.

ಗಂಡಸರ ನಡುವೆ ಬಿಳಿಕೂದಲಿನ ತಲೆಯೊಂದು ನುಸುಳಿತು. ಶಿವರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಅಂಗೈಯನ್ನು ಕಾರಿಗೆ ಒತ್ತಿದ್ದಳು. ನೋಯುವ ಮಂಡಿ ಮಡಿಸಿ, ಹಿಂದಿನ ಗಾಜಿಗೆ ಕೆನ್ನೆ ಆನಿಸಿ, ಇದ್ದ ಕಸುವನ್ನೆಲ್ಲ ಹಾಕುತ್ತಿದ್ದಳು. ಅವಳ ಬಾಯಿ ತೆರೆದಿತ್ತು, ವಿಭೂತಿ ಗಾಜಿಗೆಲ್ಲ ಮೆತ್ತಿತ್ತು.

"ಜೋರಾಗಿ ತಳ್ರಪ್ಪ" ಎಂದು ಏದುಸಿರು ಬಿಡುತ್ತ ಕೂಗಿದಳು. "ನನ್ ಮಗ ಒಳಗವ್ನೆ."

ಶಾಂತಮೂರ್ತಿ ಎರಡೂ ಕಾಲು ಎತ್ತಿ ಬ್ರೇಕಿನ ಮೇಲಿಟ್ಟ.